ಒಂಬತ್ತರ ಬಾಲ

ಶಾಲೆಯ ದಾಖಲಾತಿ ರಿಜಿಸ್ಟರಿಗೆ ಅದರದೇ ಒಂದು ವಾಸನೆ ಇರುತ್ತದೆ. ಹುಳ ಹಿಡಿಯದಿರಲೆಂದು ಹಾಳೆಗಳ ನಡುವೆ ಇಟ್ಟು ಒಣಗಿಹೋದ ಬೇವಿನೆಲೆ, ಹಳೆಯ ಮಸಿ, ಸುತ್ತಿದ ಕೆಂಪು ಬಟ್ಟೆಯಲ್ಲಿ ಕೂತ ಧೂಳು. ಈ ಜೂನ್‌ನಲ್ಲಿ ನನಗೆ ಭದ್ರಾವತಿಯ ಪ್ರಾಥಮಿಕ ಶಾಲೆಯೊಂದಕ್ಕೆ ವರ್ಗವಾಯಿತು. ನಾನು ಅ ಆ ಇ ಈ ತಿದ್ದಿದ ಶಾಲೆಯೇ. ಮೊದಲ ದಿನ ಕಪಾಟು ತೆಗೆದು ಬಟ್ಟೆಯ ಗಂಟು ಬಿಚ್ಚಿದೆ, ಆ ವಾಸನೆ ಬಂತು. ಶಕುನ, ಪೂರ್ವಜನ್ಮ, ಸತ್ತವರು ಕನಸಿನಲ್ಲಿ ಬಂದು ಹೇಳುವುದು, ಇವು ಯಾವುದನ್ನೂ ನಂಬುವವಳಲ್ಲ ನಾನು. ಆದರೆ ಮೂಗಿನ ಜೊತೆ ವಾದ ನಡೆಯುವುದಿಲ್ಲ. ಏಳು ವರ್ಷದ ಹಿಂದಿನ ಒಂದು ಬೇಸಿಗೆ, ಐವತ್ತೊಂಬತ್ತನೇ ಇಸವಿಯದು, ಆ ಗಂಟಿನ ಜೊತೆಗೇ ಬಿಚ್ಚಿಕೊಂಡಿತು.

ಆಗ ನನಗೆ ಹದಿನೇಳು. ಅಪ್ಪ ಇದೇ ಶಾಲೆಯ ಹೆಡ್ಮೇಷ್ಟರು. ಅಪ್ಪ, ಅವ್ವ ಭದ್ರಾವತಿಯಲ್ಲಿ. ನಾನು ಮಾತ್ರ ಶಿವಮೊಗ್ಗದಲ್ಲಿ ಹೈಸ್ಕೂಲಿನ ಕೊನೆಯ ವರ್ಷ ಓದುತ್ತ, ದುರ್ಗಿಗುಡಿಯಲ್ಲಿ ಅವ್ವನ ಅಣ್ಣ ರುದ್ರಪ್ಪ ಮಾವನ ಮನೆಯಲ್ಲಿದ್ದೆ. ಮಾವನದು ಜವಳಿ ಅಂಗಡಿ. ಗಿರಾಕಿ ಸೀರೆ ಕೊಳ್ಳದೆ ಹೋದರೂ ಮಾವನಿಗೆ ಬೇಜಾರಿರಲಿಲ್ಲ, ವಾದ ಮಾಡದೆ ಹೋದರೆ ಬೇಜಾರು. ನಾನು ಮಾತು ಕಲಿತದ್ದರಲ್ಲಿ ಅರ್ಧ ಅವರ ಊಟದ ಪಂಕ್ತಿಯಲ್ಲಿ. ಮಿಕ್ಕ ಅರ್ಧ ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ. ಅಲ್ಲಿಯ ಕ್ರಮ ಸರಳ. ಡಬ್ಬಿಯಲ್ಲಿ ಚೀಟಿ ಇರುತ್ತದೆ, ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಹತ್ತು ನಿಮಿಷ ಯೋಚನೆ, ಐದು ನಿಮಿಷ ಮಾತು. ಯಾವ ಚೀಟಿ ಬಂದರೂ ನಾನು ಗೆಲ್ಲುತ್ತಿದ್ದೆ. ಅದನ್ನೇ ಬುದ್ಧಿ ಎಂದುಕೊಂಡಿದ್ದೆ.

ಹಿಂದಿನ ಡಿಸೆಂಬರಿನಲ್ಲಿ ಊರಿನ ಹೈಸ್ಕೂಲುಗಳೆಲ್ಲ ಸೇರಿದ ಒಂದು ಸ್ಪರ್ಧೆ ನಡೆಯಿತು. ವಿಷಯ: ಹೆಣ್ಣುಮಕ್ಕಳು ನೌಕರಿ ಮಾಡುವುದು ಸಂಸಾರಕ್ಕೆ ಹಿತ. ನನಗೆ ಬಂದದ್ದು ವಿರೋಧ. ಸಭೆಯ ಮುಂದಿನ ಸಾಲಿನಲ್ಲಿ ಮಾವ, ಹಿಂದಿನ ಬೆಂಚಿನಲ್ಲಿ ಭದ್ರಾವತಿಯಿಂದ ಬಸ್ಸಿಗೆ ಬಂದ ಅಪ್ಪ. ನಾನು ಮೈಕಿನ ಮುಂದೆ ನಿಂತು ಹೇಳಿದೆ: "ಒಂದೇ ಒಲೆಯನ್ನು ಎರಡು ಕಡೆಯಿಂದ ಊದಿದರೆ ಬೂದಿ ಹಾರುತ್ತದೆ, ಬೆಂಕಿ ಏಳುವುದಿಲ್ಲ." ಚಪ್ಪಾಳೆ ನಿಲ್ಲಲು ಅರ್ಧ ನಿಮಿಷ ಹಿಡಿಯಿತು. ಬೆಳ್ಳಿಯ ಮೆರುಗು ಕೊಟ್ಟ ಬಹುಮಾನದ ಕಪ್ಪು ನನಗೇ ಬಂತು. ಮಾವ ಅದನ್ನು ಅಲ್ಲಿಂದಲೇ ಅಂಗಡಿಗೆ ಒಯ್ದು, ಇಳಕಲ್ ಸೀರೆಗಳ ಗಾಜಿನ ಬೀರುವಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರು.

ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ನನಗೆ ದೋಸೆ ಹೇಳಿದರು, ತಮಗೆ ಕಾಫಿ. ಕಾಫಿ ಆರಿಸುತ್ತ ಕೇಳಿದರು.

"ಚೆನ್ನಾಗಿ ಮಾತಾಡಿದೆ. ನೀನು ಯಾವ ಕಡೆ?"

"ಚೀಟಿ ಬಂದ ಕಡೆ ಅಪ್ಪ."

"ಅದು ಚೀಟಿಯ ಕಡೆ ಆಯ್ತು. ನಿನ್ನ ಕಡೆ ಯಾವುದು?"

ಅಷ್ಟರಲ್ಲಿ ದೋಸೆ ಬಂತು. ನಾನು ತಿನ್ನಲು ಕೂತೆ. ಉತ್ತರ ಹೇಳದೆ ತಪ್ಪಿಸಿಕೊಂಡೆ ಎಂದು ಈಗ ಹೇಳಿದರೆ ಅದು ಅಲಂಕಾರವಾದೀತು. ನಿಜ ಹೇಳಬೇಕೆಂದರೆ ಪ್ರಶ್ನೆ ನನಗೆ ಅರ್ಥವೇ ಆಗಿರಲಿಲ್ಲ. ಅಪ್ಪ ಮತ್ತೆ ಕೇಳಲಿಲ್ಲ, ನಾಲ್ಕೂವರೆ ಬಸ್ಸಿಗೆ ಹೋದರು.

ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ಅಪ್ಪ ಶಾಲೆಗೆ ಬೀಗ ಹಾಕಿ, ಬಿಸಿಲಿಗೆ ಕೊಡೆ ಬಿಚ್ಚಿಕೊಂಡು ಮನೆಗೆ ಹೊರಟವರು ದಾರಿಯ ಮೋರಿಕಟ್ಟೆಯ ಮೇಲೆ ಕೂತರು. ಆ ದಾರಿಯಲ್ಲಿ ಕಬ್ಬಿಣದ ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ಕೆಲಸದವನೊಬ್ಬ ಸುಧಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ನಮಸ್ಕಾರ ಮೇಷ್ಟ್ರೇ ಎಂದು ಹೇಳಿ ಮುಂದೆ ಹೋದ. ಅಪ್ಪ ತಿರುಗಿ ನಮಸ್ಕಾರ ಹೇಳಲಿಲ್ಲವಲ್ಲ ಎಂದು ಅನುಮಾನ ಬಂದು ಹಿಂದಕ್ಕೆ ಬಂದ. ಅಪ್ಪ ನಮಸ್ಕಾರಕ್ಕೆ ಉತ್ತರ ಕೊಡದ ದಿನ ಅವನು ಕಂಡಿರಲಿಲ್ಲವಂತೆ. ಹೃದಯ ನಿಂತಿತ್ತು.

ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಮಣ್ಣಿನೊಳಗೂ ಅಪ್ಪ ಕೂತೇ ಇದ್ದರು, ರಿಜಿಸ್ಟರ್ ಬರೆಯಲು ಕೂತವರ ಹಾಗೆ. ನಾನು ಅಳಲಿಲ್ಲ. ಶಿವೈಕ್ಯ ಎಂದರೆ ನಿಖರವಾಗಿ ಏನು, ಐಕ್ಯವಾದದ್ದು ಯಾರಿಗೆ ಹೇಗೆ ಗೊತ್ತಾಯಿತು ಎಂದು ಬಂದ ಅಯ್ಯನವರನ್ನು ಕೇಳಿದೆ. ಅವರು ಒಳ್ಳೆಯವರು, ನನಗೂ ಗೊತ್ತಿಲ್ಲಮ್ಮ ಎಂದರು. ಹೆಂಗಸರು ಈ ಹುಡುಗಿಗೆ ಕರುಳಿಲ್ಲ, ಬರೀ ನಾಲಿಗೆ ಎಂದು ಮಾತಾಡಿಕೊಂಡದ್ದು ಕೇಳಿಸಿತು. ಇರಬಹುದು. ನನ್ನ ಹತ್ತಿರ ಆ ಹೊತ್ತಿಗೆ ಇದ್ದದ್ದು ಅದೊಂದೇ.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಸಿ ನಾನು ಪರೀಕ್ಷೆಗೆಂದು ಶಿವಮೊಗ್ಗಕ್ಕೆ ಹೋದೆ. ಪರೀಕ್ಷೆ ಬರೆದದ್ದು ನೆನಪಿಲ್ಲ. ಬಿಸಿಲು ನೆನಪಿದೆ. ಉತ್ತರಪತ್ರಿಕೆಯ ಮೇಲೆ ಬೆವರಿನ ಕೈ ಅಂಟುತ್ತಿತ್ತು. ಹುಟ್ಟಿದ ತಾರೀಖು ಎಂದು ಇದ್ದ ಕಡೆ ಹನ್ನೆರಡು, ಒಂಬತ್ತು, ನಲವತ್ತೊಂದು ಎಂದು ತುಂಬುವಾಗ ಮಾತ್ರ ಅಪ್ಪ ಬಂದರು, ನೆನಪಾಗಿ.

ಇಲ್ಲಿ ಅಪ್ಪನ ಒಂದು ಅಭ್ಯಾಸ ಹೇಳಬೇಕು. ನಮ್ಮ ಕಡೆ ಶಾಲೆಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಹುಟ್ಟಿರುವುದು ಜೂನ್ ಒಂದನೇ ತಾರೀಖು. ಹೆತ್ತವರಿಗೆ ತಾರೀಖು ಗೊತ್ತಿರುವುದಿಲ್ಲ, ಮೇಷ್ಟರಿಗೆ ಪುರುಸೊತ್ತಿರುವುದಿಲ್ಲ. ಮಗುವಿನ ಬಲಗೈ ತಲೆಯ ಮೇಲಿಂದ ಬಳಸಿ ಎಡಕಿವಿ ಮುಟ್ಟಿತೆಂದರೆ ಜೂನ್ ಒಂದು ಎಂದು ಬರೆದು ಮುಗಿಸುತ್ತಾರೆ. ಅಪ್ಪ ಮಾತ್ರ ಬೆಂಚು ಹಾಕಿ ತಾಯಂದಿರನ್ನು ಕೂರಿಸಿ ಕೇಳುತ್ತಿದ್ದರು. ಹೊಳೆ ತುಂಬಿ ಸೇತುವೆ ಮುಳುಗಿದ ವರ್ಷವೋ, ಅದರ ಮುಂದಿನದೋ? ಕೂಸಿಗೆ ತೊಟ್ಟಿಲು ಹಾಕಿದಾಗ ಅವರೆ ಬಿಟ್ಟಿತ್ತೋ, ಮಾವು ಬಿಟ್ಟಿತ್ತೋ? ಗಣಪತಿ ಹಬ್ಬಕ್ಕೆ ನೀನು ಬಾಣಂತಿಯೋ, ಬಸುರಿಯೋ? ಹಾಗೆ ಕೇಳಿ ಕೇಳಿ ತಿಂಗಳು ಹಿಡಿದು, ಪಂಚಾಂಗ ನೋಡಿ ತಾರೀಖು ಹಿಡಿದು ಬರೆಯುತ್ತಿದ್ದರು. ಅಂಕಿಯಲ್ಲಿ ಬರೆದ ಮೇಲೆ ಅದೇ ಸಾಲಿನ ಪಕ್ಕದ ಮನೆಯಲ್ಲಿ, 'ಅಕ್ಷರದಲ್ಲಿ' ಎಂದು ಇರುತ್ತದಲ್ಲ, ಬೇರೆಯವರು ಖಾಲಿ ಬಿಡುವುದು, ಅಲ್ಲೂ ತಿಂಗಳ ಹೆಸರು ತುಂಬುತ್ತಿದ್ದರು. ಅಂಕಿಯ ಮೇಲೆ ಇರುವೆ ನಡೆದರೂ ಅದು ಬೇರೆ ಅಂಕಿ ಆಗುತ್ತೆ ಎನ್ನುವುದು ಅವರ ಸಮಜಾಯಿಷಿ. ಈ ತಾರೀಖು ಸರಿ ಇದ್ದರೆ ಯಾರಿಗೆ ಲಾಭ ಎಂದು ನಾನು ಒಮ್ಮೆ ವಾದಕ್ಕೆ ಎಳೆದಿದ್ದೆ. ಈ ಹೆಂಗಸರಿಗೆ ಸರ್ಕಾರದ ಕಾಗದದಲ್ಲಿ ಬರೆಸೋಕೆ ಇರೋದು ಇದೊಂದೇ ವಿಷಯ, ಅದನ್ನಾದರೂ ಅವರು ಹೇಳಿದ ಹಾಗೆ ಬರೀಬೇಡವಾ ಎಂದಿದ್ದರು. ಅದಕ್ಕೆ ನನ್ನ ಬಳಿ ಎದುರುತ್ತರ ಇತ್ತು. ಈಗ ಏನೆಂದು ನೆನಪಿಲ್ಲ.

ಏಪ್ರಿಲಿನಲ್ಲಿ ಮಾವ ಭದ್ರಾವತಿಗೆ ಬಂದರು. ಆಯನೂರಿನ ಒಂದು ಜಮೀನುದಾರರ ಮನೆಯಿಂದ ನನಗೆ ಸಂಬಂಧ ಬಂದಿತ್ತು. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು, ಇಲ್ಲದಿದ್ದರೆ ಮೂರು ವರ್ಷ ಕಾಯಬೇಕು ಎನ್ನುವ ಲೆಕ್ಕ. ಹುಡುಗ ಒಳ್ಳೆಯವನು, ಜನ ಒಳ್ಳೆಯವರು, ಮಾವನೂ ಕೆಟ್ಟವರಲ್ಲ. ತಂಗಿ ವಿಧವೆಯಾಗಿ ಕೂತಿದ್ದಾಳೆ, ಮಗಳಿಗೆ ಒಂದು ನೆಲೆ ಮಾಡಬೇಕು ಎನ್ನುವುದು ಅವರ ನ್ಯಾಯ. ನಮ್ಮ ಧರ್ಮದಲ್ಲಿ ಸೂತಕವೇ ಇಲ್ಲ ಎಂದು ಭಾಷಣ ಮಾಡುತ್ತೀರಿ, ಈ ವರ್ಷದ ಲೆಕ್ಕ ಯಾವ ಧರ್ಮದ್ದು ಎಂದು ನಾನು ಶುರು ಮಾಡಿದೆ. ಮಾವ ಲಕ್ಷಣವಾಗಿ ಕೇಳಿಸಿಕೊಂಡರು. ಆಮೇಲೆ ನಾನು ಓದಬೇಕು, ನೌಕರಿ ಹಿಡಿಯಬೇಕು ಎಂದೆ. ಅವರು ಎಲೆಅಡಿಕೆ ತಟ್ಟೆ ಪಕ್ಕಕ್ಕಿಟ್ಟರು.

"ಒಂದು ಒಲೆಗೆ ಎರಡು ಕಡೆಯಿಂದ ಊದಿದ್ರೆ ಏನಾಗುತ್ತೆ ಮಾರಾಯ್ತಿ?"

ನಾನು ಆ ತಟ್ಟೆಯ ಎಲೆ ಜೋಡಿಸಲು ಕೂತೆ.

"ಹೇಳು. ನಾಲ್ಕು ನೂರು ಜನರ ಮುಂದೆ ಹೇಳಿದ್ಯಲ್ಲ. ಕಪ್ಪು ನನ್ನ ಅಂಗಡೀಲಿ ಕೂತಿದೆ. ಅದು ಸುಳ್ಳಾ?"

ಅದು ಚೀಟಿ, ಮಾವ, ಎಂದೆ. ನಿನ್ನ ಬಾಯಿಂದ ಬಂದದ್ದು ನಿನ್ನ ಮಾತಲ್ಲ ಅಂದ್ರೆ, ಈಗ ಬರ್ತಾ ಇರೋದು ನಿನ್ನ ಮಾತು ಅಂತ ನಾನು ಹೇಗೆ ನಂಬಲಿ ಎಂದರು. ನನ್ನ ಜೀವನದಲ್ಲಿ ಅಷ್ಟು ನೇರವಾಗಿ ನಾನು ಸೋತದ್ದು ಇಲ್ಲ. ಮಾವ ಹೋದ ಮೇಲೆ ಅವ್ವ ಒಲೆಯ ಮುಂದಿನಿಂದಲೇ ಒಂದು ಮಾತು ಹೇಳಿದಳು: "ಎರಡು ಕಡೆಯಿಂದ ಊದಿದ್ರೆ ಬೆಂಕಿ ಬೇಗ ಹತ್ತುತ್ತೆ ಕಣೇ. ಒಲೆ ಊದಿ ಗೊತ್ತಿರೋರು ಯಾರೂ ಆ ಮಾತು ಹೇಳಲ್ಲ." ನಾಲ್ಕು ನೂರು ಜನರಲ್ಲಿ ಅರ್ಧ ಹೆಂಗಸರಿದ್ದರು. ಅವರೂ ಚಪ್ಪಾಳೆ ತಟ್ಟಿದ್ದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು, ಒಳ್ಳೆಯ ದರ್ಜೆ. ಅದೇ ವಾರ ವೆಂಕಟರಮಣಯ್ಯ ಮೇಷ್ಟ್ರು ಮನೆಗೆ ಬಂದರು. ಅಪ್ಪನ ಜೊತೆ ಹದಿನಾಲ್ಕು ವರ್ಷ ಪಾಠ ಮಾಡಿದವರು, ಸಂಸ್ಕೃತ ಬಲ್ಲವರು, ಈಗ ಅಪ್ಪನ ಜಾಗದಲ್ಲಿ ಪ್ರಭಾರ ಹೆಡ್ಮೇಷ್ಟರು. ಸುತ್ತಿನ ಶಾಲೆಗಳಿಗೆ ತಾತ್ಕಾಲಿಕ ಉಪಾಧ್ಯಾಯಿನಿಯರನ್ನು ತೆಗೆದುಕೊಳ್ಳುತ್ತಿದ್ದಾರೆ, ಹುಡುಗಿಯರ ಅರ್ಜಿ ಕಡಿಮೆ, ಹಾಕಿದರೆ ಸಿಕ್ಕ ಹಾಗೆಯೇ ಎಂದರು. ಷರತ್ತು ಒಂದೇ: ಜೂನ್ ಮುಗಿಯುವುದರೊಳಗೆ ಹದಿನೆಂಟು ತುಂಬಿರಬೇಕು. ನನಗೆ ಸೆಪ್ಟೆಂಬರಿಗೆ ತುಂಬುತ್ತಿತ್ತು. ಎರಡೂವರೆ ತಿಂಗಳು ಕಡಿಮೆ. ಮುಂದಿನ ನೇಮಕ ಮರುವರ್ಷ. ಅಷ್ಟರೊಳಗೆ ನಾನು ಆಯನೂರಿನ ಸೊಸೆಯಾಗಿರುತ್ತೇನೆ ಎನ್ನುವುದು ಮೇಷ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಾರನೆಯ ದಿನ ರಜೆಯ ಶಾಲೆಗೆ ಕರೆದು ಅವರು ಇದೇ ರಿಜಿಸ್ಟರ್ ಬಿಚ್ಚಿದರು. ನನ್ನ ಸಾಲು. ಅಪ್ಪನ ಕೈ. ೧೨-೯-೧೯೪೧.

"ಮಗೂ, ಈ ಒಂಬತ್ತರ ಬಾಲ ನೋಡು," ಎಂದರು ಮೇಷ್ಟ್ರು. "ಕೊಂಚ ಆ ಕಡೆ ತಿರುಗಿಸಿದ್ರೆ ಆರು. ಇಲ್ಲಿಂದ ಹೋದ ಟಿ.ಸಿ.ಲಿ ಇದ್ದ ಆರನ್ನ ಮುಂದಿನ ಶಾಲೆ ಗುಮಾಸ್ತರು ಒಂಬತ್ತು ಅಂತ ಓದ್ಕೊಂಡ್ರು ಅಂತ ನಾನು ಒಂದು ಕಾಗದ ಬರೀತೀನಿ. ಎಲ್ಲ ಕಡೆ ಆಗೋ ತಪ್ಪೇ. ಯಾರೂ ಕೇಳಲ್ಲ. ಹೆಚ್ಚು ಅಂದ್ರೆ ಆ ಗುಮಾಸ್ತರಿಗೆ ಒಂದು ಮೆಮೋ ಬರಬಹುದು, ಅಷ್ಟೇ."

ಅವರು ಹೇಳಿದ್ದು ನಿಜ. ಕನ್ನಡದಲ್ಲಿ ಅಂಕಿ ಬರೆಯುವ ಎಲ್ಲರಿಗೂ ಇದು ಗೊತ್ತು. ಆರಕ್ಕೂ ಒಂಬತ್ತಕ್ಕೂ ಮೈ ಒಂದೇ, ಬಾಲ ತಿರುಗುವ ದಿಕ್ಕು ಬೇರೆ. ಎಷ್ಟು ಜಾತಕ, ಎಷ್ಟು ಮನೆ ನಂಬರು, ಎಷ್ಟು ರಸೀತಿ ಈ ಬಾಲದಲ್ಲಿ ತಪ್ಪಿವೆಯೋ. ಆದರೆ ಅಪ್ಪ ಪಕ್ಕದ ಮನೆಯಲ್ಲಿ ಅಕ್ಷರದಲ್ಲಿ ಬರೆದಿರುತ್ತಾರಲ್ಲ ಎಂದು ನೋಡಿದೆ. ಆ ಪುಟದಲ್ಲಿ ಎಲ್ಲರ ಸಾಲಿನಲ್ಲೂ ಬರೆದಿದ್ದರು. ನನ್ನ ಸಾಲಿನಲ್ಲಿ ಮಾತ್ರ ಖಾಲಿ ಇತ್ತು.

ಮೇಷ್ಟ್ರು ಮೆಲ್ಲಗೆ ಹೇಳಿದರು: "ನಿಮ್ಮಪ್ಪನೇ ಒಂದು ಬಾಗಿಲು ತೆರೆದಿಟ್ಟು ಹೋಗಿದಾರೆ ಅಂತ ತಿಳ್ಕೊ."

ಮೂರು ದಿನ ನಾನು ಆ ಖಾಲಿ ಮನೆಯನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಭದ್ರೆ ಬಂಡೆ ಕಾಣುವಷ್ಟು ಇಳಿದಿದ್ದಳು, ಊರಿನ ಮೇಲೆ ಹೊಗೆ ಕದಲದೆ ನಿಂತಿರುತ್ತಿತ್ತು, ಮಳೆ ಇವತ್ತು ಬರುತ್ತೆ ನಾಳೆ ಬರುತ್ತೆ ಎಂದು ಜನ ಆಕಾಶ ನೋಡುತ್ತಿದ್ದರು. ನಾನು ಪರ ವಾದ ಕಟ್ಟಿದೆ. ಎರಡೂವರೆ ತಿಂಗಳಿಂದ ಯಾರ ಹೊಟ್ಟೆಯ ಮೇಲೂ ಹೊಡೆತವಿಲ್ಲ. ಜೂನ್ ಒಂದನೇ ತಾರೀಖಿನ ಸುಳ್ಳುಗಳ ಮೇಲೆ ನಿಂತ ಇಡೀ ಇಲಾಖೆಯಲ್ಲಿ ನನ್ನದೊಂದು ನಿಜ ಯಾವ ಗುಡ್ಡ ಹೊರುತ್ತದೆ? ಸತ್ತವರಿಗೆ ನೋವಾಗುವುದಿಲ್ಲ, ಇದು ನಾನೇ ಎಲ್ಲರೆದುರು ಸಾಧಿಸುವ ಮಾತು. ಒಬ್ಬ ಹೆಣ್ಣಿನ ಬದುಕಿಗಿಂತ ಒಂದು ಅಂಕಿ ದೊಡ್ಡದೇ? ಆಮೇಲೆ ವಿರೋಧ ಕಟ್ಟಲು ಕೂತೆ. ಅದು ಬಡವಾಗಿತ್ತು. ಅಪ್ಪ ಒಪ್ಪುತ್ತಿರಲಿಲ್ಲ ಎನ್ನುವುದು ವಾದವಲ್ಲ, ಭಾವುಕತೆ. ಗುಮಾಸ್ತರ ಮೆಮೋ ಒಂದೇ ಸ್ವಲ್ಪ ತೂಕದ್ದು. ನಾನು ಮುಖ ನೋಡದ ಒಬ್ಬರು ಮಾಡದ ತಪ್ಪಿಗೆ ಸಹಿ ಹಾಕುತ್ತಾರೆ. ಅದನ್ನೂ 'ಅಷ್ಟೇ' ಎಂದು ಬದಿಗೆ ಸರಿಸಿದೆ. ಯಾವ ತೀರ್ಪುಗಾರರಾದರೂ ಪರ ಪಕ್ಷಕ್ಕೇ ಕಪ್ಪು ಕೊಡುತ್ತಿದ್ದರು.

ಅಕ್ಕಿ ಆರಿಸುತ್ತಿದ್ದ ಅವ್ವನ ಮುಂದೆ ಎಲ್ಲವನ್ನೂ ಮಂಡಿಸಿದೆ. ಅವಳು ಕಲ್ಲು ಹುಡುಕುತ್ತ ಕೇಳಿದಳು. ಕೊನೆಗೆ, ಪೋಷಕರ ಸಹಿ ಬೇಕಾಗುತ್ತಲ್ಲ, ನಾಳೆ ನಾನೂ ಬರ್ತೀನಿ ಎಂದಳು. ಅವ್ವ ಹೆಸರು ಬರೆಯಲು ಕಲಿತಿದ್ದಳು. ಗೌರಮ್ಮ. ಅಪ್ಪ ಮದುವೆಯ ಹೊಸತರಲ್ಲಿ ಸ್ಲೇಟಿನ ಮೇಲೆ ತಿದ್ದಿಸಿದ್ದು.

ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೇ ಬಿಸಿಲು ಹಂಚು ಕಾಯಿಸಿತ್ತು. ವೆಂಕಟರಮಣಯ್ಯ ಮೇಷ್ಟ್ರು ರಿಜಿಸ್ಟರ್ ತೆರೆದು, ಮಸಿ ಕುಡಿಕೆ, ಲೇಖನಿ, ಬ್ಲಾಟಿಂಗ್ ಪೇಪರ್ ಜೋಡಿಸಿಟ್ಟಿದ್ದರು. ಆದರೆ ಲೇಖನಿಯನ್ನು ನನ್ನ ಕಡೆ ತಿರುಗಿಸಿದರು. ನಿಮ್ಮಪ್ಪನ ಅಕ್ಷರ ನಾನು ಮುಟ್ಟಲಾರೆ ಮಗೂ, ಕಾಗದ ಎಷ್ಟು ಬೇಕಾದರೂ ಬರೀತೀನಿ, ಇದೊಂದು ನೀನೇ ಮಾಡು ಎಂದರು. ನಾನು ಲೇಖನಿ ಎತ್ತಿ ಅದ್ದಿದೆ.

ಅವ್ವ ರಿಜಿಸ್ಟರಿನ ಮೇಲೆ ಬಗ್ಗಿ ನನ್ನ ಸಾಲನ್ನು ನೋಡುತ್ತಿದ್ದಳು. ಆ ಖಾಲಿ ಮನೆಯ ಮೇಲೆ ಬೆರಳಿಟ್ಟಳು.

"ಇದು ನಂದು," ಎಂದಳು.

ಏನು ನಿಂದು ಎಂದು ಕೇಳಿದೆ. ಅವಳು ಹೇಳಿದ್ದು ಇಷ್ಟು. ನನ್ನನ್ನು ಶಾಲೆಗೆ ಸೇರಿಸಿದ ದಿನ ಅಪ್ಪ ಉಳಿದ ತಾಯಂದಿರ ಹಾಗೆ ಅವಳನ್ನೂ ಬೆಂಚಿನ ಮೇಲೆ ಕೂರಿಸಿ ಕೇಳಿದರಂತೆ, ತಮಗೇ ಗೊತ್ತಿದ್ದರೂ. ಅಂಕಿಯಲ್ಲಿ ಬರೆದುಕೊಂಡು, ಅಕ್ಷರದಲ್ಲಿ ನೀನೇ ಬರಿ, ಹೆತ್ತವಳು ನೀನು ಎಂದು ರಿಜಿಸ್ಟರ್ ತಿರುಗಿಸಿದರಂತೆ. ಅವ್ವನಿಗೆ ಹೆದರಿಕೆಯಾಯಿತು. ಹೆಸರಿನಲ್ಲಿ ಮ-ಕ್ಕೆ ಮ-ದ ಒತ್ತು ಬರೆದು ಗೊತ್ತು, ಸೆಪ್ಟೆಂಬರಿನಲ್ಲಿ ಪ-ಕ್ಕೆ ಟ-ದ ಒತ್ತು, ಅದು ಬರೆಯಲು ಬರುತ್ತಿರಲಿಲ್ಲ. ನಾಳೆ ಬರೀತೀನಿ ಎಂದಳು. ಅಪ್ಪ ಖಾಲಿ ಬಿಟ್ಟರು. ಪ್ರತಿ ವರ್ಷ ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಕೇಳುತ್ತಿದ್ದರಂತೆ, ಒತ್ತು ಕಲಿತೆಯಾ ಗೌರೀ ಎಂದು. ನಾಳೆ ಎನ್ನುತ್ತಿದ್ದಳಂತೆ.

"ಹೋದ ಜೂನಲ್ಲೂ ಕೇಳಿದ್ರು," ಎಂದಳು.

ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ನನ್ನ ಲೇಖನಿಯ ತುದಿಯಿಂದ ಒಂದು ಹನಿ ಮಸಿ ಬ್ಲಾಟಿಂಗ್ ಪೇಪರಿನ ಮೇಲೆ ಬಿತ್ತು. ಅವ್ವ ನನ್ನ ಕೈಯಿಂದ ಲೇಖನಿ ತೆಗೆದುಕೊಂಡಳು.

"ನೀನು ಬಾಲ ತಿರುಗಿಸೋದಾದ್ರೆ ತಿರುಗಿಸು. ನಾನು ಬೇಡ ಅನ್ನಲ್ಲ. ಆದರೆ ಈ ಮನೆ ಖಾಲಿ ಬಿಡಲ್ಲ, ಇವತ್ತು ಬರೀತೀನಿ. ಜೂನ್ ಆದ್ರೆ ನನಗೂ ಸುಲಭ, ಒತ್ತಿಲ್ಲ. ಯಾವುದು ಬರೀಲಿ ಹೇಳು."

ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದನ್ನು ನಾನು ಆಮೇಲೆ ಎಷ್ಟೋ ಸಲ ಪರೀಕ್ಷೆ ಮಾಡಿ ನೋಡಿದ್ದೇನೆ. ಜೂನ್ ಎಂದಿದ್ದರೆ ಜೂನ್ ಬರೆಯುತ್ತಿದ್ದಳು, ಮನೆಗೆ ಬಂದು ಅಡುಗೆ ಮಾಡುತ್ತಿದ್ದಳು, ಒಂದು ದಿನವೂ ಎತ್ತಿ ಆಡುತ್ತಿರಲಿಲ್ಲ. ನನ್ನ ಪರ ವಾದಗಳೆಲ್ಲ ಒಂದೂ ಮುರಿಯದೆ ಹಾಗೇ ನಿಂತಿದ್ದವು. ಅವುಗಳಿಗೆ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಲ್ಲಿ ಚೀಟಿಯ ಡಬ್ಬಿ ಇರಲಿಲ್ಲ. ಒಬ್ಬ ಹೆಂಗಸು ಜೀವನದಲ್ಲಿ ಮೊದಲ ಸಲ ಸರ್ಕಾರದ ಕಾಗದದ ಮೇಲೆ ಹೆಸರಲ್ಲದ ಒಂದು ಪದ ಬರೆಯಲು ಕೂತಿದ್ದಳು. ಆ ಪದ ಸುಳ್ಳಾಗಿರಬೇಕೋ ನಿಜವಾಗಿರಬೇಕೋ ಎಂದು ನನ್ನನ್ನು ಕೇಳುತ್ತಿದ್ದಳು.

"ಸೆಪ್ಟೆಂಬರ್," ಎಂದೆ.

"ಆಮೇಲೆ ನಿಮ್ಮ ಮಾವ?"

"ಅವರಿಗೆ ನಾನು ಹೇಳ್ತೀನಿ."

ಅವ್ವ ಬರೆದಳು. ಎಷ್ಟು ಹೊತ್ತು ಹಿಡಿಯಿತು ಎಂದರೆ ಮೇಷ್ಟ್ರು ನಡುವೆ ಎರಡು ಸಲ ಮಸಿಯ ಕುಡಿಕೆ ಹತ್ತಿರ ಸರಿಸಿದರು. ಅವಳು ಬರೆದದ್ದು 'ಸಪಟಂಬರು'. ಒತ್ತು ಬರಲೇ ಇಲ್ಲ, ಎತ್ವವೂ ಇಲ್ಲ. ಮೇಷ್ಟ್ರು ಅಭ್ಯಾಸಬಲದಿಂದ ತಿದ್ದಲು ಕೈ ಚಾಚಿದರು. ನಾನು ಬ್ಲಾಟಿಂಗ್ ಪೇಪರ್ ಅದರ ಮೇಲೆ ಒತ್ತಿಬಿಟ್ಟೆ. ಮನೆಗೆ ಬರುವ ದಾರಿಯಲ್ಲಿ ಅಪ್ಪ ಕೂತ ಮೋರಿಕಟ್ಟೆ ಸಿಕ್ಕಿತು. ಮೂರು ತಿಂಗಳಿಂದ ಆ ದಾರಿ ತಪ್ಪಿಸಿ ಸುತ್ತು ಹಾಕಿಕೊಂಡು ಓಡಾಡುತ್ತಿದ್ದೆವು. ಅವತ್ತು ಅವ್ವ ಅದರ ಮೇಲೆ ಕೂತು ಸುಧಾರಿಸಿಕೊಂಡಳು. ನಾನೂ ಕೂತೆ. ಅಲ್ಲಿ ನನಗೆ ಅಳು ಬಂತು, ಸಾಕಷ್ಟು ಹೊತ್ತು. ಅವ್ವ ಸೆರಗಿನಿಂದ ನನಗೆ ನೆರಳು ಹಿಡಿದಿದ್ದಳು.

ಎರಡು ದಿನ ಬಿಟ್ಟು ದುರ್ಗಿಗುಡಿಗೆ ಹೋದೆ. ಹೋಗುವ ಬಸ್ಸಿನಲ್ಲಿ ವಾದ ಕಟ್ಟಿಕೊಳ್ಳಲಿಲ್ಲ. ಮಾವ ಅಂಗಡಿಯ ಗಾದಿಯ ಮೇಲೆ ಕೂತಿದ್ದರು, ಹಿಂದೆ ಬೀರುವಿನಲ್ಲಿ ಕಪ್ಪು.

"ಮಾವ, ನಾನು ಈ ಮದುವೆ ಆಗಲ್ಲ. ವಯಸ್ಸು ಕಡಿಮೆ ಅಂತ ಈ ವರ್ಷ ಕೆಲಸಾನೂ ಸಿಗಲ್ಲ. ಮುಂದಿನ ವರ್ಷ ಅರ್ಜಿ ಹಾಕ್ತೀನಿ. ಅಲ್ಲಿವರೆಗೂ ಅವ್ವನ ಜೊತೆ ಇರ್ತೀನಿ."

ಮಾವ ಗಾದಿಯ ಮೇಲೆ ಸರಿಯಾಗಿ ಕೂತು ಸಿದ್ಧವಾದರು. "ಕಾರಣ ಹೇಳು."

"ಕಾರಣ ಹೇಳಿದ್ರೆ ನೀವು ಅದಕ್ಕೆ ಉತ್ತರ ಹೇಳ್ತೀರಿ. ನೀವೇ ಗೆಲ್ತೀರಿ. ಆದ್ರೂ ನಾನು ಆಗಲ್ಲ."

ಅವರು ನನ್ನನ್ನೇ ನೋಡಿದರು. ಸೀರೆ ನೋಡುತ್ತಿದ್ದ ಇಬ್ಬರು ಗಿರಾಕಿಗಳೂ ಮಡಿಕೆ ಬಿಚ್ಚುವುದು ನಿಲ್ಲಿಸಿ ನೋಡುತ್ತಿದ್ದರು.

"ವಾದ ಮಾಡಲ್ವಾ?"

"ಇಲ್ಲ ಮಾವ."

"ಹಾಗಾದ್ರೆ ಇದು ನಿಜ ಅಂತ ಕಾಣುತ್ತೆ," ಎಂದರು ಮಾವ, ಯಾರಿಗೋ ಹೇಳುವವರ ಹಾಗೆ. ಆಮೇಲೆ ಎದ್ದು ಬೀರು ತೆಗೆದು ಕಪ್ಪನ್ನು ಸೀರೆ ಕಟ್ಟುವ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಇದನ್ನ ಇಲ್ಲಿ ಇಟ್ಕೊಂಡು ಗಿರಾಕಿಗಳಿಗೆ ಏನಂತ ಹೇಳಲಿ, ತಗೊಂಡು ಹೋಗು ಎಂದರು. ಸಿಟ್ಟಿತ್ತು. ಐದು ತಿಂಗಳು ನಮ್ಮ ಮನೆಗೆ ಬರಲಿಲ್ಲ. ದೀಪಾವಳಿಗೆ ಅವ್ವನಿಗೊಂದು ಸೀರೆ ಕಳಿಸಿದರು, ಜೊತೆಗೆ ಬರುವ ವಾರ ಊಟಕ್ಕೆ ಬರುತ್ತೇನೆ, ವಾದಕ್ಕೆ ತಯಾರಾಗಿರಲಿ ಎಂದು ಹೇಳಿ ಕಳಿಸಿದರು. ಆ ಕಪ್ಪಿನಲ್ಲಿ ಅವ್ವ ಕಲ್ಲುಪ್ಪು ತುಂಬಿಟ್ಟಳು. ಮೆರುಗು ಹೋಗಿ ಒಳಗೆ ಹಿತ್ತಾಳೆ ಕಂಡಿತು.

ಆ ವರ್ಷ ಸುಲಭವಾಗಿರಲಿಲ್ಲ, ಅದನ್ನು ಚೆಂದ ಮಾಡಿ ಹೇಳುವುದು ಬೇಡ. ಹೆಡ್ಮೇಷ್ಟರ ಮನೆ ಬಿಟ್ಟು ಒಂದು ಕೋಣೆಯ ಮನೆಗೆ ಹೋದೆವು. ಗಂಡಸರೆಲ್ಲ ಕಾರ್ಖಾನೆಯ ಪಾಳಿಗಳಿಗೆ ಹೋಗುವ ಬೀದಿ, ತಮಿಳು, ತೆಲುಗು, ಕನ್ನಡ ಒಂದೇ ನಲ್ಲಿಯ ಮುಂದೆ ಜಗಳವಾಡುತ್ತಿದ್ದವು. ಮಧ್ಯಾಹ್ನ ನಾನು ಆ ಬೀದಿಯ ಹೆಂಗಸರಿಗೆ ಓದು ಬರಹ ಹೇಳಿಕೊಡುತ್ತಿದ್ದೆ. ಅಕ್ಕಿ, ಬೇಳೆ, ಒಮ್ಮೊಮ್ಮೆ ಬರೀ ನುಗ್ಗೆಕಾಯಿ ಕೊಡುತ್ತಿದ್ದರು. ಅವ್ವ ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಒತ್ತಕ್ಷರ ಬಂದಾಗ ಎಲ್ಲರಿಗಿಂತ ಮೊದಲು ಕಲಿತಳು. ರಿಜಿಸ್ಟರ್ ತಿದ್ದಿ ಬರೋಣವಾ ಎಂದು ತಮಾಷೆ ಮಾಡಿದೆ. ಬೇಡ, ಆವತ್ತು ನನಗೆ ಅಷ್ಟೇ ಬರ್ತಿತ್ತು ಎಂದಳು.

ಮರುವರ್ಷ ನೇಮಕವಾಯಿತು. ಮೊದಲ ಊರು ಎಲ್ಲಿ ಎಂದರೆ ಆಯನೂರು. ನನ್ನನ್ನು ಕೇಳಿದ್ದ ಮನೆಯ ಹಿರಿಯರು ಶಾಲೆಗೆ ಬಂದು ಮಾತಾಡಿಸಿ, ಮೊಮ್ಮಗನಿಗೆ ಕಿವಿ ಹಿಂಡಿ ಕಲಿಸಿ ಟೀಚರೇ ಎಂದು ಹೇಳಿ ಹೋದರು. ಒಳ್ಳೆಯ ಜನ ಎಂದು ಮಾವ ಹೇಳಿದ್ದು ಸುಳ್ಳಲ್ಲ.

ಈಗ ಈ ರಿಜಿಸ್ಟರ್ ನನ್ನ ಮೇಜಿನ ಮೇಲಿದೆ. ನನ್ನ ಸಾಲಿನಲ್ಲಿ 'ಸಪಟಂಬರು' ಎನ್ನುವುದರ ಕೆಳಗೆ ಯಾರೋ ಇನ್ಸ್‌ಪೆಕ್ಟರು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಅಂಚಿನಲ್ಲಿ 'ಅಕ್ಷರದೋಷ' ಎಂದು ಬರೆದಿದ್ದಾರೆ. ಹಿಂದಿನ ಮುಂದಿನ ಪುಟಗಳಲ್ಲಿ ಇರುವ ಜೂನ್ ಒಂದುಗಳಿಗೆ, ಅಪ್ಪನ ಮೊದಲಿನವರೂ ನಂತರದವರೂ ಬರೆದವಕ್ಕೆ, ಎಲ್ಲೂ ಕೆಂಪು ಗೆರೆಯಿಲ್ಲ. ಅವುಗಳ ಕಾಗುಣಿತ ಸರಿಯಾಗಿದೆ.

ಮೊನ್ನೆ ದಾಖಲಾತಿಗೆ ಒಬ್ಬಾಕೆ ಬಂದಳು, ಹೆಸರು ಮುನಿಯಮ್ಮ, ಗಂಡ ಕುಲುಮೆಯ ಕೆಲಸದವನು. ಮಗಳನ್ನು ಮುಂದೆ ನಿಲ್ಲಿಸಿ, ಜೂನ್ ಒಂದು ಅಂತ ಬರ್ಕೊಳ್ಳಿ ಟೀಚರಮ್ಮ, ಎಲ್ಲಾರೂ ಅಂಗೇ ಬರೆಸೋದು ಎಂದಳು. ನಾನು ಬೆಂಚು ತೋರಿಸಿ ಕೂರಿಸಿ ಕೇಳಿದೆ. ಕೂಸು ಹುಟ್ಟಿದಾಗ ಮಳೆಯೋ ಬಿಸಿಲೋ? ಮಳೆ ನಿಂತಿತ್ತು. ಹೊಳೆ? ಇಳಿದಿತ್ತು, ಬಟ್ಟೆ ಒಗೆಯೋಕೆ ಬಂಡೆ ಕಾಣಿಸ್ತಿತ್ತು. ಆಯುಧಪೂಜೆಗೆ? ಆಕೆ ನಕ್ಕಳು. ಅವರಪ್ಪ ಕಾರ್ಖಾನೆ ಪೂಜೆ ಕಡ್ಲೆಪುರಿ ತಂದು ತೊಟ್ಟಿಲ ಪಕ್ಕ ಇಟ್ಟಿದ್ರು, ಒಂಬತ್ತು ದಿನದ ಕೂಸು ಎಂದಳು. ಪಂಚಾಂಗ ತೆಗೆದು ನೋಡಿ, ಅಂಕಿಯಲ್ಲಿ ಬರೆದೆ. ಆಮೇಲೆ ರಿಜಿಸ್ಟರ್ ಅವಳ ಕಡೆ ತಿರುಗಿಸಿ ಲೇಖನಿ ಕೊಟ್ಟೆ.

"ಅಕ್ಷರದಲ್ಲಿ ನೀವು ಬರೀರಿ. ಅಕ್ಟೋಬರ್."

ಅವಳು ಲೇಖನಿಯನ್ನೂ ನನ್ನನ್ನೂ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ನಾಳೆ ಬರೀತೀನಿ ಟೀಚರಮ್ಮ."

ನಿಯಮದ ಪ್ರಕಾರ ಖಾಲಿ ಬಿಡುವ ಹಾಗಿಲ್ಲ. ಆಯ್ತು, ಮಧ್ಯಾಹ್ನ ಮೂರಕ್ಕೆ ನಮ್ಮ ಮನೆ ಜಗಲಿಗೆ ಬನ್ನಿ, ನಮ್ಮವ್ವ ಒತ್ತಕ್ಷರ ಹೇಳಿಕೊಡ್ತಾಳೆ ಎಂದೆ. ಆ ಮನೆಯನ್ನು ಖಾಲಿ ಬಿಟ್ಟು ಮುಂದಿನ ಮಗುವನ್ನು ಕರೆದೆ.